ಮೊದಲಿಗೆ ಯಾವ ಹಾವು ಸಾಕಬೇಕು?

ಕರಂಗ್‌ತುಂಬು, ಚಿರೆಬೊನ್ ಉತ್ತರ, ಜಾವಾ
8 ಫೆಬ್ರವರಿ 2005

ಯುನ್,

ಅಕ್ಷರ ನೋಡಿ ಗುರುತು ಹಿಡಿದೆಯೋ ಇಲ್ಲವೋ. ನಾನು ಕನಿರಿ. ಮಾಂಗ್ ತರ್ಮಿದಿಯ ಚರ್ಮದ ಶೆಡ್ಡಿನಲ್ಲಿ ನಿನ್ನ ಪಕ್ಕದ ಹಲಗೆಯವಳು. ವಿಳಾಸ ಕೊಟ್ಟವನು ನಿನ್ನ ಚಿಕ್ಕಪ್ಪನ ಮಗ ಸರ್ಕಿಮ್. ಹಬ್ಬಕ್ಕೆ ಊರಿಗೆ ಬಂದಿದ್ದ. "ದರ್ಯುನಾ ಅಕ್ಕ ಈಗ ಮಲಾಂಗ್‌ನಲ್ಲಿ ದೊಡ್ಡ ಯಜಮಾನ್ತಿ ಕಣಕ್ಕ. ಮನೆ ತುಂಬ ಹಾವು. ಜನ ಕ್ಯೂ ನಿಂತು ಸಾಕೋಕೆ ತಗೊಂಡು ಹೋಗ್ತಾರಂತೆ" ಎಂದ. ಶೆಡ್ಡಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹಾವಿನ ಚರ್ಮವನ್ನು ಹಲಗೆಗೆ ಎಳೆದು ಮೊಳೆ ಹೊಡೆಯುವುದಷ್ಟೇ ಗೊತ್ತಿದ್ದ ಕೈ ನಿನ್ನದು.

ನನ್ನದು ಇನ್ನೂ ಅದೇ ಕೆಲಸ. ಮದುವೆ ಎರಡಾಯಿತು, ತಲಾಖೂ ಎರಡಾಯಿತು, ಮಕ್ಕಳಿಲ್ಲ. ಶೆಡ್ಡಿನ ಹಿಂದಿನ ಸಾಲಿನಲ್ಲಿ ಒಂದು ಕೋಣೆ ಹಿಡಿದಿದ್ದೇನೆ.

ಕೇಳಬೇಕಾದದ್ದು ಒಂದೇ. ಹಾವು ಸಾಕಿಯೇ ಗೊತ್ತಿಲ್ಲದವರು ಮೊದಲಿಗೆ ಯಾವ ಹಾವು ಸಾಕಬೇಕು? ನಗಬೇಡ, ನನಗೇ. ಚರ್ಮ ನೋಡಿದರೆ ಅದು ಸುಮಾತ್ರದ್ದೋ ಕಾಲಿಮಂತಾನಿನದ್ದೋ ಹೇಳಬಲ್ಲೆ. ಜೀವ ಇರುವಾಗ ಅದಕ್ಕೆ ಏನು ಬೇಕು ಎಂದು ಯಾರೂ ನಮಗೆ ಹೇಳಿಕೊಡಲಿಲ್ಲವಲ್ಲ.

ಹದಿನಾಲ್ಕು ವರ್ಷಗಳ ಮೇಲೆ ಬರೆಯುವ ಕಾಗದದಲ್ಲಿ ಬೇರೆ ಮಾತಿರಬೇಕಿತ್ತು. ಜೀವಂತ ಹಾವು ಕೊಳ್ಳಲು ಬರುತ್ತಿದ್ದ ತುಲುಸನ ಲಾರಿಯಲ್ಲಿ ಮೂವರೂ ಊರು ಬಿಟ್ಟು ಹೋಗುವುದೆಂದು ಮಾತಾಗಿತ್ತು, ನಾನು ಸೇತುವೆಗೆ ಬಂದದ್ದು ತಡವಾಯಿತು. ಅದಕ್ಕೆ ನಿನಗೆ ಇನ್ನೂ ಸಿಟ್ಟಿದ್ದರೆ ಇರಲಿ. ಹಾವಿನ ವಿಷಯಕ್ಕೆ ಮಾತ್ರ ಉತ್ತರ ಬರಿ.

ಕನಿರಿ


ಮಲಾಂಗ್
2 ಮಾರ್ಚ್ 2005

ಕನಿರಿಗೆ,

ನಿನ್ನ ಕಾಗದ ತಲುಪಿತು. ಕ್ಷೇಮ.

ನಮ್ಮಲ್ಲಿಗೆ ಹೊಸಬರು ಬಂದಾಗ ಹೇಳುವುದನ್ನೇ ನಿನಗೂ ಬರೆಯುತ್ತಿದ್ದೇನೆ. ಮೊದಲನೆಯದಾಗಿ, ವಿಷದ ಹಾವು ಬೇಡವೇ ಬೇಡ, ಎಷ್ಟೇ ಚೆಲುವಿರಲಿ. ಎರಡನೆಯದಾಗಿ, ಕಾಡಿನಿಂದ ಹಿಡಿದು ತಂದದ್ದು ಬೇಡ. ಅದು ಹೆದರಿರುತ್ತದೆ, ಹೊಟ್ಟೆಯಲ್ಲಿ ಹುಳ, ಮೈಯ ಹುರುಪೆಯ ಸಂದಿಯಲ್ಲಿ ಉಣ್ಣಿ. ಹೊಸಬರ ಕೈಯಲ್ಲಿ ಉಪವಾಸ ಬಿದ್ದು ಸಾಯುತ್ತದೆ. ಪೆಟ್ಟಿಗೆಯಲ್ಲೇ ಮೊಟ್ಟೆಯೊಡೆದು ಮನುಷ್ಯರ ಕೈ ಕಂಡು ಬೆಳೆದ ಮರಿ ತೆಗೆದುಕೊಳ್ಳಬೇಕು. ಮೂರನೆಯದು, ದೊಡ್ಡದಾಗುವ ಜಾತಿ ಬೇಡ. ಸಾಂಚಾ ಹೆಬ್ಬಾವಿನ ಮರಿ ಬೆರಳಿನಷ್ಟಿರುವಾಗ ಎಲ್ಲರಿಗೂ ಮುದ್ದು. ಮೂರು ವರ್ಷದಲ್ಲಿ ಅದು ಮನೆ ಯಜಮಾನ, ನಾವು ಬಾಡಿಗೆಯವರು.

ಹೊಸಬರಿಗೆ ನಾನು ಹೇಳುವುದು ಅಮೆರಿಕದ ಜೋಳದ ಹಾವು. ಮೈ ಕಿತ್ತಳೆ ಬಣ್ಣ, ಸ್ವಭಾವ ತಣ್ಣಗೆ, ಒಂದು ಮಾರಿಗಿಂತ ಉದ್ದವಾಗುವುದಿಲ್ಲ, ಕೊಟ್ಟದ್ದನ್ನು ತಿನ್ನುತ್ತದೆ. ಇಲ್ಲವಾದರೆ ಆಫ್ರಿಕಾದ ಪುಟ್ಟ ಹೆಬ್ಬಾವು. ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗಿಟ್ಟುಕೊಳ್ಳುತ್ತದೆ, ಅಷ್ಟೇ. ಆದರೆ ಅದಕ್ಕೆ ತಿನ್ನುವ ವಿಷಯದಲ್ಲಿ ಬಿಗುಮಾನ ಜಾಸ್ತಿ. ಯಾವುದೇ ಆದರೂ ಇಪ್ಪತ್ತು ವರ್ಷ ಬದುಕುತ್ತದೆ ಎಂದು ನೆನಪಿರಲಿ. ಎಷ್ಟೋ ಮದುವೆ ಅಷ್ಟು ಬಾಳುವುದಿಲ್ಲ.

ಪೆಟ್ಟಿಗೆಯ ಮುಚ್ಚಳ ಬಿಗಿಯಿರಬೇಕು. ಒಳಗೆ ನೀರಿನ ಬಟ್ಟಲು, ಬಚ್ಚಿಟ್ಟುಕೊಳ್ಳಲು ಒಂದು ತೆಂಗಿನ ಚಿಪ್ಪು. ನಮ್ಮ ಮನೆಯಲ್ಲಿ ಎಂಬತ್ತು ಪೆಟ್ಟಿಗೆಗಳಿವೆ, ಎಲ್ಲಕ್ಕೂ ಹೀಗೆಯೇ.

ಇಷ್ಟು ಓದಿದ ಮೇಲೂ ನಿನಗೆ ಬೇಕೇ ಬೇಕು ಎನಿಸಿದರೆ ಬರಿ. ಜೋಳದ ಹಾವಿನ ಮರಿಯೊಂದನ್ನು ಕಳಿಸಲಾದೀತೇ ನೋಡುತ್ತೇನೆ.

ಮಿಮಿ ಹೇಗಿದ್ದಾರೆ? ಅವರ ಮಂಡಿ ನೋವು?

ದರ್ಯುನಾ


ಕರಂಗ್‌ತುಂಬು
13 ಮಾರ್ಚ್ 2005

ಯುನ್,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಮೊದಲನೆಯದಾಗಿ, ಎರಡನೆಯದಾಗಿ! ಸರ್ಕಾರಿ ನೋಟೀಸು ಕೂಡ ಇದಕ್ಕಿಂತ ಸಲಿಗೆಯಿಂದ ಇರುತ್ತದೆ. ಇರಲಿ, ಯಜಮಾನ್ತಿಯಾದ ಮೇಲೆ ಹಾಗೆಯೇ ಬರೆಯಬೇಕೇನೋ.

ಮಿಮಿ ತೀರಿಕೊಂಡು ಮೂರು ವರ್ಷವಾಯಿತು. ನಿನ್ನ ಸ್ವಂತ ಅಮ್ಮನಿಗಿಂತ ಹೆಚ್ಚು ಸಲ ನನ್ನಮ್ಮನನ್ನು "ಮಿಮಿ" ಎಂದು ಕರೆದವಳು ನೀನು. ಕಾಗದ ಹಾಕೋಣವೆಂದರೆ ವಿಳಾಸವಿರಲಿಲ್ಲ. ಮಂಡಿ ನೋವಲ್ಲ, ಜ್ವರ. ಎಂಟೇ ದಿನ. ಅವಳಿಗೂ ನನಗೂ ಕೊನೆಕೊನೆಗೆ ಅಷ್ಟಾಗಿ ಮಾತಿರಲಿಲ್ಲ, ಅದು ಬಿಡು.

ಮರಿ ಕಳಿಸು. ಬೇಕೇ ಬೇಕು. ಅದು ಬರುವ ಮೊದಲು ಕೆಲವು ವಿಷಯ ತಿಳಿದುಕೊಳ್ಳಬೇಕು. ಒಂದು ಹಾವು ಐದು ವಾರ ತಿನ್ನದೇ ಇದ್ದರೆ ಅದು ಸಾಯುತ್ತದೆಯೇ? ಕಣ್ಣಿನ ಸುತ್ತ ಸಾಸಿವೆಗಿಂತ ಚಿಕ್ಕದಾಗಿ ಕಪ್ಪಗೆ ಏನೋ ಓಡಾಡಿದರೆ ಅದೇ ನೀನು ಹೇಳಿದ ಉಣ್ಣಿಯೇ? ನೀರಿನ ಬಟ್ಟಲಿನಲ್ಲೇ ಇಡೀ ದಿನ ಮಲಗಿದರೆ ಅದು ಸುಖಕ್ಕೋ ಕಷ್ಟಕ್ಕೋ? ಸುಮ್ಮನೆ ಕೇಳುತ್ತಿದ್ದೇನೆ. ಮುಂದೆ ಬೇಕಾಗಬಹುದು.

ಜೊತೆಗೆ ಸೀಗಡಿ ಕುಟ್ಟಿ ಹುಳಿಸಿದ ತೆರಾಸಿ ಕಳಿಸಿದ್ದೇನೆ, ಪಕ್ಕದ ಕೋಣೆಯ ಮುದುಕಿ ಬುಕ್ ಚಸ್ವತಿ ಕುಟ್ಟಿದ್ದು. ಗುಡ್ಡದ ಊರಿನಲ್ಲಿ ಇಂಥ ನಾತ ಸಿಗುವುದಿಲ್ಲ ಎಂದು ಗೊತ್ತು. ಮೂರು ಪ್ಲಾಸ್ಟಿಕ್ ಸುತ್ತಿದರೂ ಅಂಚೆಯವನು ಮೂಗು ಮುಚ್ಚಿಕೊಂಡ. "ಇದರೊಳಗೆ ಏನಮ್ಮ ಸತ್ತಿದೆ?" ಎಂದ. "ನನ್ನ ಗೆಳತಿಗೆ ಊರ ಮೇಲಿದ್ದ ಆಸೆ" ಎಂದೆ.

ಬೇಗ ಬರಿ.

ಕನಿರಿ


ಮಲಾಂಗ್
20 ಜೂನ್ 2005

ಕನಿರಿ,

ತಡವಾಯಿತು. ಕೆಲಸ ಜಾಸ್ತಿ. ಜೋಳದ ಹಾವುಗಳು ಈ ವರ್ಷ ಮೊಟ್ಟೆ ಇಡಲಿಲ್ಲ, ಕಾಯಬೇಕಾಗುತ್ತದೆ. ಮುಂದಿನ ವರ್ಷ ನೋಡೋಣ. ಬೇರೆ ಊರಿನ ಯಾರ ಹತ್ತಿರವಾದರೂ ಕೊಳ್ಳುವುದಿದ್ದರೆ ಕೊಂಡುಕೋ, ನನಗಾಗಿ ಕಾಯಬೇಡ.

ಹಾವು ತಿಂಗಳುಗಟ್ಟಲೆ ತಿನ್ನದೆ ಇರಬಲ್ಲದು, ಮರಿ ಅಷ್ಟು ತಡೆಯದು.

ಮಿಮಿಯ ವಿಷಯ ಓದಿದೆ. ಏನು ಬರೆಯಬೇಕೋ ತಿಳಿಯಲಿಲ್ಲ.

ತೆರಾಸಿ ತಲುಪಿತು.

ದರ್ಯುನಾ


ಕರಂಗ್‌ತುಂಬು
1 ಜುಲೈ 2005

ದರ್ಯುನಾ ಅಮ್ಮನವರಿಗೆ,

ಮೂರು ತಿಂಗಳು ಕಾದದ್ದಕ್ಕೆ ಅರ್ಧ ಹಾಳೆ. ಅಂಚೆಚೀಟಿಗೇ ಅವಮಾನ. ಮಿಮಿ ತೀರಿಕೊಂಡದ್ದಕ್ಕೆ ಒಂದು ಸಾಲು, ತೆರಾಸಿಗೆ ಒಂದು ಸಾಲು. ಎರಡೂ ಒಂದೇ ತೂಕ ನಿನಗೆ.

ನಾನು ನಿನ್ನ ಹತ್ತಿರ ಭಿಕ್ಷೆ ಕೇಳಲಿಲ್ಲ. ಎಂಬತ್ತು ಪೆಟ್ಟಿಗೆಯವಳಿಗೆ ಒಂದು ಮರಿ ಕಳಿಸಲು ಆಗಲಿಲ್ಲ ಎಂದರೆ ನಾನು ನಂಬಬೇಕೇ? ಶೆಡ್ಡಿನವಳು, ಕೈ ನಾರುತ್ತದೆ, ಇವಳಿಗೆ ಕೊಟ್ಟರೆ ಸುಲಿದುಬಿಡುತ್ತಾಳೆ ಎಂದುಕೊಂಡಿರಬಹುದು. ಕೊಳ್ಳಲು ಬಂದ ತುಲುಸ್ ಚೀಲದಿಂದ ಜೀವಂತ ಹಾವುಗಳನ್ನು ಆರಿಸಿಕೊಂಡಂತೆ ನಿನ್ನನ್ನು ಆರಿಸಿಕೊಂಡ. ಆರಿಸಿಕೊಳ್ಳದೆ ಬಿಟ್ಟವರು ಹಲಗೆಗೇ ಸೈ, ಅಲ್ಲವೇ?

ಇನ್ನು ನಿನಗೆ ತೊಂದರೆ ಕೊಡುವುದಿಲ್ಲ. ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡು, ಮರ್ಯಾದೆಗಾದರೂ. ಕಣ್ಣು ಕಿತ್ತಳೆ ಬಣ್ಣ, ತಲೆಯ ನಡುವೆ ದಾರದಷ್ಟು ತೆಳುವಾದ ಕಪ್ಪು ಗೆರೆ, ಬೆನ್ನಿನ ಮೇಲೆ ಬಲೆಯಂಥ ಚಿತ್ರ. ಮೊಳಕೈಯಿಂದ ಬೆರಳ ತುದಿಗಿಂತ ಸ್ವಲ್ಪ ಉದ್ದ. ಐದು ತಿಂಗಳಲ್ಲಿ ಎರಡೇ ಸಲ ತಿಂದಿದೆ. ಬೆನ್ನುಮೂಳೆ ಕೈಗೆ ಸಿಗುತ್ತದೆ. ಇಂಥದ್ದಕ್ಕೆ ಏನು ಮಾಡಬೇಕು?

ಕನಿರಿ


ಮಲಾಂಗ್
9 ಜುಲೈ 2005

ಕನಿರಿ, ಹುಚ್ಚಿ,

ಅದು ಪ್ರಶ್ನೆಯಲ್ಲ ಕಣೇ, ಅದು ಹಾವು! ನಿನ್ನ ಕೋಣೆಯಲ್ಲಿ ಹಾವಿದೆ. ಮಾರ್ಚ್‌ನಲ್ಲೇ ನನಗೆ ತಿಳಿಯಬೇಕಿತ್ತು. ಸುಮ್ಮನೆ ಕೇಳುವವರು ಯಾರಾದರೂ ಕಣ್ಣಿನ ಸುತ್ತ ಸಾಸಿವೆ ಎನ್ನುತ್ತಾರೆಯೇ?

ಅದು ಸಾಂಚಾ. ಬೇಡವೇ ಬೇಡ ಎಂದು ನಾನು ಬರೆದ ಜಾತಿಯೇ. ಕಾಡಿನದ್ದು ಬೇರೆ. ಸಿಟ್ಟು ಆಮೇಲೆ ಮಾಡಿಕೊಳ್ಳೋಣ, ಈಗ ಮೊದಲು ಇದನ್ನು ಮಾಡು.

ಉಗುರುಬೆಚ್ಚಗಿನ ನೀರು ಬಕೆಟ್ಟಿನಲ್ಲಿ ಹಾಕಿ, ಅದರ ಕೊರಳು ಮುಳುಗದಷ್ಟು, ಅರ್ಧ ಗಂಟೆ ಬಿಡು. ಉಣ್ಣಿ ಮುಳುಗಿ ಸಾಯುತ್ತವೆ, ಉಳಿದವು ತಲೆಗೆ ಹತ್ತುತ್ತವೆ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಲೆ, ಗಲ್ಲ, ಕಣ್ಣಿನ ಅಂಚು ಸವರು. ಪೆಟ್ಟಿಗೆಯ ಕಾಗದ, ಬಟ್ಟೆ ಎಲ್ಲ ಸುಡು. ಪೆಟ್ಟಿಗೆಯನ್ನು ಕುದಿಯುವ ನೀರಿನಲ್ಲಿ ತೊಳೆ. ನಾಲ್ಕು ದಿನಕ್ಕೊಮ್ಮೆ, ಒಂದು ತಿಂಗಳು.

ಹದಿನೈದು ದಿನ ಅದನ್ನು ಎತ್ತಬೇಡ. ನಿನಗೆ ಕಷ್ಟ, ಗೊತ್ತು. ಅದಕ್ಕೆ ನೀನು ಇನ್ನೂ ಒಂದು ದೊಡ್ಡ ಪ್ರಾಣಿ, ಅಷ್ಟೇ. ಪೆಟ್ಟಿಗೆಗೆ ಬಟ್ಟೆ ಹೊದಿಸಿ ಕತ್ತಲು ಮಾಡು. ಆಮೇಲೆ ಕೂದಲು ಬರದ ಇಲಿಮರಿ, ಸತ್ತದ್ದು, ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿ ಚಿಪ್ಪಿನ ಬಾಯಲ್ಲಿಡು. ನೋಡುತ್ತಾ ನಿಲ್ಲಬೇಡ. ನೀನು ಯಾರಾದರೂ ಉಣ್ಣುವಾಗ ಬಾಯನ್ನೇ ನೋಡುತ್ತೀಯ, ಮೊದಲಿನಿಂದ ಆ ಅಭ್ಯಾಸ ನಿನಗೆ.

ಎಲ್ಲಿಂದ ತಂದೆ? ಮಾಂಗ್ ತರ್ಮಿದಿಗೆ ಗೊತ್ತೇ?

ನಿನ್ನ ಕೈ ನಾರುತ್ತದೆ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ತೆರಾಸಿ ಪೊಟ್ಟಣ ಬಿಚ್ಚಿದ ದಿನ ನಾನು ಅಡುಗೆ ಮಾಡಲಿಲ್ಲ. ಬರಿಯ ಅನ್ನಕ್ಕೆ ಅದನ್ನೇ ಸುಟ್ಟು ಹಾಕಿಕೊಂಡು ಬಾಗಿಲು ಮುಚ್ಚಿ ಕುಳಿತು ತಿಂದೆ. ಅದನ್ನು ಬರೆಯಬೇಕಿತ್ತು.

ಯುನ್


ಕರಂಗ್‌ತುಂಬು
30 ಆಗಸ್ಟ್ 2005

ನನ್ನ ಯುನ್,

ತಿಂದಿತು! ಆಗಸ್ಟ್ ಮೂರಕ್ಕೆ ಒಂದು, ಹನ್ನೊಂದಕ್ಕೆ ಎರಡು, ಮೊನ್ನೆ ಮೂರು! ಮೊದಲ ಸಲ ಚಿಪ್ಪಿನ ಹತ್ತಿರ ಇಟ್ಟಿದ್ದು ಮಾಯವಾದದ್ದು ಕಂಡು ನಾನು ಹೊರಗೆ ಓಡಿ ಬುಕ್ ಚಸ್ವತಿಯ ಕೈ ಹಿಡಿದುಕೊಂಡುಬಿಟ್ಟೆ.

"ತಿಂತು ಕಣಕ್ಕ, ತಿಂತು!"

"ಯಾರೇ?"

"ನಮ್ಮನೇದು."

"ನಿನ್ ಮನೇಲಿ ಯಾರೇ ಇದಾರೆ? ಮೂರನೇದು ಕಟ್ಕೊಂಡ್ಯಾ, ನಂಗೆ ಹೇಳ್ದಂಗೆ?"

ತೋರಿಸಿದೆ. ಕಿರುಚಲಿಲ್ಲ, ಮುದುಕಿ. ಬಗ್ಗಿ ನೋಡಿ, "ಮೊದಲಿನ ಎರಡು ಗಂಡಂದಿರಿಗಿಂತ ಇದೇ ಲಕ್ಷಣವಾಗಿದೆ" ಎಂದು ಎದ್ದು ಹೋದಳು. ಯಾರಿಗೂ ಹೇಳಿಲ್ಲ.

ಎಲ್ಲಿಂದ ಎಂದು ಕೇಳಿದೆ. ಜನವರಿಯಲ್ಲಿ ಸುಮಾತ್ರದ ಚೀಲಗಳು ಬಂದವು. ಒಂದರ ತಳದಲ್ಲಿ ಇದು ಇತ್ತು. ಚರ್ಮಕ್ಕೂ ಬಾರದಷ್ಟು ಸಣ್ಣದು, ಹೇಗೆ ಸೇರಿತೋ. ನಾನು ಚೀಲ ಕೊಡವಲು ಕೈ ಹಾಕಿದೆ. ಅದು ಕಚ್ಚಲಿಲ್ಲ. ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು. ಸುತ್ತಿಕೊಂಡು ಬಿಗಿಹಿಡಿಯಿತು, ಬಿಡಲೇ ಇಲ್ಲ. ಆಚೆ ಹಾವುಗಳ ತಲೆಗೆ ಬಡಿಯುವ ಸುತ್ತಿಗೆಯ ಸದ್ದು. ಇಷ್ಟು ವರ್ಷ ಆ ಸದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ, ಆ ದಿನ ಬಿತ್ತು. ಅಂಗಿಯ ತೋಳು ಕೆಳಗೆಳೆದುಕೊಂಡು ಸಂಜೆಯವರೆಗೆ ಒಂದೇ ಕೈಯಲ್ಲಿ ಮೊಳೆ ಹೊಡೆದೆ. ನನ್ನನ್ನು ಯಾರಾದರೂ ಹಾಗೆ ಹಿಡಿದುಕೊಂಡು ಎಷ್ಟು ವರ್ಷವಾಗಿತ್ತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಚೀಲದ ಮಾಲು ಮಾಂಗ್ ತರ್ಮಿದಿಯದ್ದು, ಅದಕ್ಕೇ ನಿನಗೂ ಹೇಳಲಿಲ್ಲ.

ಹೆಸರಿಟ್ಟಿಲ್ಲ. ಇಟ್ಟರೂ ಅದಕ್ಕೆ ಕಿವಿಯಿಲ್ಲ, ಸುಮ್ಮನೆ ಊರಿಗೆ ಕೇಳಿಸುತ್ತದೆ.

ಈಗ ಒಂದು ಮಾತು ಕೇಳುತ್ತೇನೆ, ಬೇಡವೆಂದರೆ ಬೇಡ ಎನ್ನು. ಶೆಡ್ಡಿನಲ್ಲಿ ನನಗೆ ಇನ್ನು ಆಗುತ್ತಿಲ್ಲ. ಹಲಗೆಯ ಮೇಲೆ ಎಳೆಯುವಾಗ ಬೆನ್ನಿನ ಚಿತ್ರ ಕಾಣುತ್ತದೆ. ನಿಮ್ಮಲ್ಲಿ ಎಂಬತ್ತು ಪೆಟ್ಟಿಗೆಗಳಿವೆಯಲ್ಲ, ತೊಳೆಯಲು ಯಾರಾದರೂ ಬೇಕಲ್ಲ. ಅಡುಗೆಮನೆಯಲ್ಲಿ ಮಲಗುತ್ತೇನೆ. ಹಬ್ಬ ಕಳೆದ ಮೇಲೆ ನಾನೂ ಇದೂ ಬಂದುಬಿಡಲೇ? ಅಂದು ತಡವಾದದ್ದನ್ನು ಇಂದಾದರೂ ಸರಿಮಾಡಿಕೊಳ್ಳುತ್ತೇನೆ. ತುಲುಸನಿಗೂ ಹೇಳು, ಹೊತ್ತಿಗೆ ಮುಂಚೆಯೇ ಬಂದು ನಿಂತಿರುತ್ತೇನೆ ಎಂದು.

ಕನಿರಿ


ಮಲಾಂಗ್
12 ಜನವರಿ 2006

ಕನಿರಿ,

ಹಬ್ಬ ಕಳೆದು ಎರಡು ತಿಂಗಳಾಯಿತು. ದಿನವೂ ಬಾಗಿಲ ಕಡೆ ನೋಡಿದೆ, ಉತ್ತರಕ್ಕೆ ಕಾಯದೆ ನೀನು ಬಂದೇಬಿಟ್ಟರೆ ಎಂದು. ಬರಲಿ ಎಂದೂ ಅನಿಸಿತು, ಬಾರದಿರಲಿ ಎಂದೂ ಅನಿಸಿತು. ಐದು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಎಂಬತ್ತು ಪೆಟ್ಟಿಗೆಗಳಿವೆ ಎಂದು ಬರೆದೆ. ಸುಳ್ಳಲ್ಲ. ಎಪ್ಪತ್ತೊಂಬತ್ತು ಖಾಲಿ ಎಂದು ಬರೆಯಲಿಲ್ಲ. ತುಲುಸ್ ಹೋಗಿ ನಾಲ್ಕು ವರ್ಷವಾಯಿತು. ಸುರಬಾಯದಲ್ಲಿ ಇನ್ನೊಬ್ಬಳಿದ್ದಾಳೆ, ಮಗುವೂ ಇದೆ. ಒಳ್ಳೆಯ ಹಾವುಗಳನ್ನೆಲ್ಲ ಕೊಂಡೊಯ್ದ. ಒಂದು ಮುದಿ ಜೋಳದ ಹಾವನ್ನು ಬಿಟ್ಟು ಹೋದ, ಅದಕ್ಕೆ ಒಂದು ಕಣ್ಣಿಲ್ಲ, ಯಾರೂ ಕೊಳ್ಳುವುದಿಲ್ಲ. ನಾನು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಹೊಲಿಗೆ ಯಂತ್ರದ ಪಕ್ಕ ಆ ಹಾವಿನ ಪೆಟ್ಟಿಗೆ. ಸಾಯಂಕಾಲ ನಾವಿಬ್ಬರೇ. ನಿನಗೆ ಮರಿ ಕಳಿಸಲು ಆಗಲಿಲ್ಲ ಎಂದರೆ, ಇರಲೇ ಇಲ್ಲ.

ಇದಿಷ್ಟೇ ಆಗಿದ್ದರೆ ಇಷ್ಟು ತಿಂಗಳು ಬೇಕಿರಲಿಲ್ಲ.

ನೀನು ಸೇತುವೆಗೆ ತಡವಾಗಿ ಬರಲಿಲ್ಲ, ಕನಿರಿ. ಬೆಳಗಿನ ನಮಾಜು ಮುಗಿದ ಮೇಲೆ ಹೊರಡುವುದೆಂದು ಮಾತಾಗಿತ್ತು. ನಾನು ನಮಾಜಿಗೆ ಮೊದಲೇ ಬಂದೆ. ತುಲುಸ್ ಹಾವಿನ ಪೆಟ್ಟಿಗೆಗಳನ್ನು ಹಗ್ಗದಲ್ಲಿ ಕಟ್ಟುತ್ತಿದ್ದ.

"ನಿನ್ ಗೆಳತಿ ಎಲ್ಲಿ?" ಅಂದ.

"ಅವಳು ಬರಲ್ವಂತೆ. ಅವಳಮ್ಮ ಬಿಡ್ತಿಲ್ಲ."

"ನಿನ್ನೆ ಕುಣೀತಿದ್ಲಲ್ಲ! ಸ್ವಲ್ಪ ಕಾಯೋಣ."

"ಕಾಯೋದೇನಿದೆ? ಬರಲ್ಲ ಅಂದ್ರೆ ಬರಲ್ಲ. ಹೊರಡು."

ಹೊರಟೆವು. ಮಸೀದಿಯಲ್ಲಿ ಬಾಂಗ್ ಕೂಗುತ್ತಿತ್ತು. ಅಷ್ಟು ಬೇಗ.

ಯಾಕೆ ಎಂದು ಕೇಳುತ್ತೀಯ. ಹಿಂದಿನ ದಿನ ನೀನು ಚೀಲದಿಂದ ಒಂದು ಹಾವನ್ನು ಬರಿಗೈಯಲ್ಲಿ ಎತ್ತಿ ಅವನಿಗೆ ಕೊಟ್ಟೆ. "ಇವಳಿಗೆ ಹೆದರಿಕೆಯೇ ಇಲ್ಲವಲ್ಲ" ಎಂದ. ನನ್ನನ್ನು ಕುರಿತು ಅವನು ಅಂಥ ಒಂದು ಮಾತೂ ಆಡಿರಲಿಲ್ಲ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ನನಗೂ ಹೇಳಲು ಸುಲಭವಾಗುತ್ತಿತ್ತು.

ನೀನು ಬಂದು ತೊಳೆಯಲು ಇಲ್ಲಿ ಏನೂ ಇಲ್ಲ. ಆದರೆ ಬಾರದಿರು ಎಂದು ಬರೆಯಲು ನನ್ನ ಕೈ ಬರುತ್ತಿಲ್ಲ.

ಯುನ್


ಕರಂಗ್‌ತುಂಬು
22 ಮೇ 2006

ದರ್ಯುನಾ,

ನಾಲ್ಕು ತಿಂಗಳು ನಿನ್ನ ಕಾಗದ ಅಕ್ಕಿ ಡಬ್ಬದ ಕೆಳಗಿತ್ತು. ಓದಲು ತೆಗೆಯುವುದು, ಒಳಗಿಡುವುದು.

ನೀನು ಸುಳ್ಳು ಹೇಳಿ ಹೋದೆ ಎಂಬುದು ನನಗೆ ನುಂಗಲಾರದ್ದಲ್ಲ. ಇಪ್ಪತ್ತು ವರ್ಷದ ಹುಡುಗಿ ಒಬ್ಬ ಗಂಡಸಿಗಾಗಿ ಸುಳ್ಳು ಹೇಳುತ್ತಾಳೆ. ನಾನಾಗಿದ್ದರೂ ಹೇಳುತ್ತಿದ್ದೆನೇನೋ. ಅವನು ನಮ್ಮಿಬ್ಬರಿಗೂ ಲಾಯಕ್ಕಿಲ್ಲದವನು ಎಂದು ಈಗ ತಿಳಿಯಿತಲ್ಲ, ಅದು ಮುಗಿಯಿತು.

ಮುಗಿಯದೇ ಇರುವುದು ಬೇರೆ. ಆ ಬೆಳಿಗ್ಗೆ ನಾನು ಗಂಟು ಹಿಡಿದು ಹೊಸ್ತಿಲು ದಾಟುವಾಗ ಮಿಮಿ ಕೂಗಿದಳು. "ಒಂದು ಕೊಡ ನೀರು ತಂದಿಟ್ಟು ಹೋಗೇ, ನನ್ ಮಂಡಿ ಏಳ್ತಿಲ್ಲ." ತಂದಿಟ್ಟೆ. ಓಡಿದೆ. ಸೇತುವೆಯ ಮೇಲೆ ಯಾರೂ ಇರಲಿಲ್ಲ, ಲಾರಿಯ ಎಣ್ಣೆ ಸೋರಿದ ಕಲೆ ಇತ್ತು. ಆ ಒಂದು ಕೊಡ ನೀರಿನಿಂದ ನನಗೆ ತಡವಾಯಿತು ಎಂದುಕೊಂಡೆ.

ಹನ್ನೊಂದು ವರ್ಷ, ಯುನ್. ಅವಳು ಸಾಯುವವರೆಗೆ. ಅವಳಿಗೆ ನೀರು ತಂದೆ, ಅನ್ನ ಹಾಕಿದೆ, ಬಟ್ಟೆ ಒಗೆದೆ. ಯಾವತ್ತೂ ಮುಖ ಕೊಟ್ಟು ಮಾತಾಡಲಿಲ್ಲ. ಕೊಡವನ್ನು ಪ್ರತಿ ಸಲ ಧಡ್ ಎಂದು ಇಳಿಸುತ್ತಿದ್ದೆ, ಅವಳಿಗೆ ಕೇಳಲಿ ಎಂದೇ. ಅವಳಿಗೆ ಕಾರಣ ಗೊತ್ತಿತ್ತು. ಜ್ವರದಲ್ಲಿ ಒಂದು ದಿನ, "ನಾನು ಅವತ್ತು ನೀರು ಕೇಳಬಾರ್ದಿತ್ತು ಮಗಳೇ" ಎಂದಳು. ನಾನು ಹೂಂ ಎಂದೆ. ಹೂಂ ಎಂದುಬಿಟ್ಟೆ. ಅವಳು ಕೇಳದೇ ಇದ್ದರೂ ಸೇತುವೆಯ ಮೇಲೆ ಯಾರೂ ಇರುತ್ತಿರಲಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನೀನೊಬ್ಬಳೇ.

ಅದನ್ನು ಈಗ ನಾನು ಎಲ್ಲಿ ಇಡಲಿ, ನೀನೇ ಹೇಳು. ಹಾವಿಗಾದರೆ ಯಾವ ಪೆಟ್ಟಿಗೆ, ಎಷ್ಟು ಬಿಸಿ ಎಂದೆಲ್ಲ ಬರೆದೆ.

ಹಾವು ಚೆನ್ನಾಗಿದೆ. ಒಂದು ಮಾರಿಗಿಂತ ಉದ್ದವಾಗಿದೆ.

ಕನಿರಿ


ಮಲಾಂಗ್
1 ಜೂನ್ 2006

ಕನಿರಿ,

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ಅದನ್ನು ಕೇಳಬೇಕಾದದ್ದು ಮಿಮಿಯ ಹತ್ತಿರ.

ಹಾವಿನದ್ದು ಮಾತ್ರ ಹೇಳಬಲ್ಲೆ. ಇನ್ನೊಂದು ವರ್ಷಕ್ಕೆ ಅದು ಎರಡು ಮಾರು ದಾಟುತ್ತದೆ. ಆಮೇಲೆ ಒಂಟಿ ಹೆಂಗಸು ಅದನ್ನು ಒಬ್ಬಳೇ ಎತ್ತಬಾರದು. ಅದರದ್ದು ಕೆಟ್ಟ ಮನಸ್ಸಲ್ಲ, ಬಲ ಜಾಸ್ತಿ, ಅಷ್ಟೇ. ಗದ್ದೆಗೆ ಬಿಟ್ಟರೆ ಯಾರಾದರೂ ಹಿಡಿದು ಚೀಲಕ್ಕೆ ಹಾಕಿ ನಿಮ್ಮ ಶೆಡ್ಡಿಗೇ ತರುತ್ತಾರೆ. ಇಲ್ಲಿಂದ ಮೇಲೆ, ಬಾಟು ಎಂಬ ಗುಡ್ಡದ ಊರಿನಲ್ಲಿ, ಹಾವು ಸಾಕುವವರು ಒಬ್ಬರಿದ್ದಾರೆ. ಗಟ್ಟಿ ಮನುಷ್ಯ, ಮಾರುವುದಿಲ್ಲ, ಗಾಜಿನ ದೊಡ್ಡ ಕೋಣೆಗಳನ್ನು ಕಟ್ಟಿದ್ದಾರೆ. ಅವರ ಹತ್ತಿರ ಮಾತಾಡಿದೆ, ಒಪ್ಪಿದರು.

ನಾನು ಬಂದು ಅದನ್ನು ಕರೆದುಕೊಂಡು ಹೋಗಬಲ್ಲೆ. ನೀನು ಕರೆಯದೆ ಆ ಊರಿಗೆ ಕಾಲಿಡುವುದಿಲ್ಲ.

ಯುನ್


ಕರಂಗ್‌ತುಂಬು
4 ಸೆಪ್ಟೆಂಬರ್ 2006

ಯುನ್,

ಮಾಂಗ್ ತರ್ಮಿದಿ ಹಾವನ್ನು ನೋಡಿಬಿಟ್ಟ. ನಮ್ಮ ಕೋಣೆಗಳ ಸಾಲಿನ ತಗಡು ಸೋರುತ್ತದೆ ಎಂದು ನೋಡಲು ಬಂದವನು ನೇರ ಒಳಗೇ ನುಗ್ಗಿದ. ಅದು ಕಿಟಕಿಯ ಸರಳಿಗೆ ಸುತ್ತಿಕೊಂಡು ಬಿಸಿಲು ಕಾಯುತ್ತಿತ್ತು. ಅವನು ನೋಡಿದ ಕೂಡಲೇ ಕಣ್ಣಲ್ಲೇ ಅಳೆದ.

"ಒಳ್ಳೆ ಚಿತ್ರ ಐತೆ. ಎಲ್ಲಿಂದ ಬಂತು?"

"ನಿಮ್ ಚೀಲದಿಂದ. ಕದ್ದೆ."

ನನ್ನನ್ನು ನೋಡಿದ, ಅದನ್ನು ನೋಡಿದ. ಹಾಸಿಗೆಯ ಅಂಚಿಗೆ ಕುಳಿತ. ನಾನು ಹಾವನ್ನು ಸರಳಿನಿಂದ ಇಳಿಸಿಕೊಂಡೆ, ಅದು ನನ್ನ ಹೆಗಲಿಗೆ ಬಂತು.

"ಕಚ್ಚಲ್ವಾ?"

"ಹಸಿವಾದ್ರೆ ಗೊತ್ತಿಲ್ಲ. ಮುಟ್ಟಿ ನೋಡಿ."

ನಲವತ್ತು ವರ್ಷ ಹಾವಿನ ವ್ಯಾಪಾರ ಮಾಡಿದವನು ಒಂದು ಬೆರಳು ಮುಂದೆ ಚಾಚಿ ಹಿಂದೆಳೆದುಕೊಂಡ. "ಬೇಡ ಬಿಡು" ಎಂದು ಎದ್ದ. ಬಾಗಿಲಲ್ಲಿ ನಿಂತು, "ಸೋಮವಾರದಿಂದ ಹಲಗೆ ಬೇಡ, ಲೆಕ್ಕದ ಪುಸ್ತಕ ಬರೀತೀಯಾ? ಅಕ್ಷರ ದುಂಡಗೈತೆ ನಿಂದು" ಎಂದ. ಇಲ್ಲ ಎಂದೆ. ಶೆಡ್ಡು ಬಿಟ್ಟೆ. ಬುಕ್ ಚಸ್ವತಿಯ ಜೊತೆ ತೆರಾಸಿ ಕುಟ್ಟುತ್ತಿದ್ದೇನೆ.

ಉಪವಾಸದ ತಿಂಗಳು ಹತ್ತಿರ ಬಂತೆಂದು ನಿನ್ನೆ ಮಿಮಿಯ ಸಮಾಧಿಗೆ ಹೂ ಹಾಕಲು ಹೋದೆ. ಹುಲ್ಲು ಕಿತ್ತೆ. ನಡೆದದ್ದನ್ನೆಲ್ಲ ಹೇಳಿದೆ, ಗಟ್ಟಿಯಾಗಿಯೇ. ಪಕ್ಕದ ಸಮಾಧಿಗೆ ಬಂದವರು ತಿರುಗಿ ನೋಡಿದರು. ನೀರು ಕೇಳಿದ್ದು ತಪ್ಪಲ್ಲ ಮಿಮಿ ಎಂದೆ. ಅಷ್ಟು ಹೇಳಲು ಹದಿನೈದು ವರ್ಷ ಬೇಕಾಯಿತು. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಹೂ ಬಾಡುವವರೆಗೆ ಕುಳಿತಿದ್ದೆ. ಆಮೇಲೆ ನಿನ್ನ ಹೆಸರು ಬಾಯಿಗೆ ಬಂತು. ನೀನು ಮಾಡಿದ್ದನ್ನು ಹೇಳಿದೆ, ನೀನು ಒಂಟಿಯಾಗಿದ್ದೀಯ ಎಂದೂ ಹೇಳಿದೆ.

ಹಾವಿಗೆ ಪೆಟ್ಟಿಗೆ ಮಾಡಿಸಿದ್ದೇನೆ. ಗಾಳಿಯ ತೂತು, ಒಳಗೆ ಹಳೆಯ ಸರೋಂಗಿನ ಹಾಸು. ಬಾಟುವಿನವರು ಒಳ್ಳೆಯವರು ಎಂದು ನೀನು ಹೇಳಿದರೆ ನಂಬುತ್ತೇನೆ. ಅದು ಹೋದ ದಿನ ಈ ಕೋಣೆ ಹೇಗಿರುತ್ತದೋ ಯೋಚಿಸಿಲ್ಲ. ಅದನ್ನು ಕಳಿಸಲು ಬೇರೆ ದಾರಿಯೂ ಇದೆ. ಸರ್ಕಿಮ್ ಕೊಂಡೊಯ್ಯುತ್ತಾನಂತೆ, ಅವನಿಗೆ ಬರೀ ಬಸ್ ಖರ್ಚು ಕೊಟ್ಟರಾಯಿತು. ಆದ್ದರಿಂದ ಹಾವಿಗಾಗಿ ನೀನು ಬರಬೇಕಾಗಿಲ್ಲ.

ನನಗೆ ಸಿಟ್ಟು ಹೋಗಿಲ್ಲ. ಕೆಲವು ದಿನ ಬೆಳಿಗ್ಗೆ ಏಳುವಾಗಲೇ ಇರುತ್ತದೆ. ಇಷ್ಟು ವರ್ಷ ಅದನ್ನು ತಪ್ಪು ಮನೆಗೆ ಕಳಿಸಿದೆ. ಈಗ ನಿನಗೆ ಕಳಿಸೋಣವೆಂದು ಕಾಗದ ಹಿಡಿದರೆ, ಬರೆದು ಮುಗಿಯುವಷ್ಟರಲ್ಲಿ ಇಳಿದುಹೋಗುತ್ತದೆ. ನಿನಗೆ ಚಳಿಯಾಗುತ್ತದೋ, ಸರಿಯಾಗಿ ಉಣ್ಣುತ್ತೀಯೋ ಎಂದು ಕೇಳುವುದರಲ್ಲಿ ಮುಗಿಯುತ್ತದೆ. ಹೀಗೆ ಆಗುವುದಿಲ್ಲ. ಬೈಯಲು ನನಗೆ ಎದುರಿಗೆ ಒಬ್ಬಳು ಬೇಕು. ಉಪವಾಸ ಹಿಡಿಯುವ ಮೊದಲೇ ಬಾ. ಒಂಟಿಗಣ್ಣಿನದನ್ನೂ ಕರೆದುಕೊಂಡು ಬಾ, ಅಲ್ಲಿ ಅದನ್ನು ನೋಡಿಕೊಳ್ಳುವವರು ಯಾರಿದ್ದಾರೆ? ಎಷ್ಟು ದಿನ ಇರುತ್ತೀಯ ಎಂದು ನಾನು ಕೇಳುವುದಿಲ್ಲ, ನೀನೂ ಹೇಳಬೇಡ.

ಕನಿರಿ